ದಡದ ಮೇಲೆ ಕೂಡಬೇಕಾಗಿದ್ದ ಎರಡು ತಾಸು

ವಾಡಿಯ ಹತ್ತಿರ ಕಲ್ಲು ತೆಗೆದು ಕೈಬಿಟ್ಟ ಖಣಿಯೊಂದಿತ್ತು. ನೀರು ನಿಂತು ಹತ್ತು-ಹನ್ನೆರಡು ಆಳು ಆಳವಾಗಿತ್ತು. ಎರಡು ಸಾವಿರದ ಇಸವಿಯ ಆಚೀಚೆ ನನ್ನ ಯಜಮಾನರು ಭಾನುವಾರಗಳಂದು ಅದರಲ್ಲಿ ಇಳಿಯುತ್ತಿದ್ದರು. ಅಂಡಮಾನಿನಲ್ಲಿ ಸ್ಕೂಬಾ ಕಲಿತು ಬಂದಿದ್ದರು. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರುಗಳು ಜೊತೆಗೆ ಇಳಿಯುತ್ತಿದ್ದ ಹೈದರಾಬಾದಿನ ಗೆಳೆಯನವು. ವಾರವಿಡೀ ಆಫೀಸಿನಲ್ಲಿ ಮುಖ ಗಂಟಿಕ್ಕಿ ಕೂಡುವ ಮನುಷ್ಯ ನೀರಿನಿಂದ ಮೇಲೆ ಬಂದಾಗ ಬಾಯಿತುಂಬ ನಗುತ್ತಿದ್ದರು. ಅದನ್ನು ನೋಡಲಿಕ್ಕೆಂದೇ ನಾನೂ ಛತ್ರಿ ಹಿಡಿದು ದಡದಲ್ಲಿ ಕೂಡುತ್ತಿದ್ದೆ.

ಗಡಿಯಾರ ಮತ್ತು ಡೈವ್ ಟೇಬಲ್ ನೋಡಿಕೊಳ್ಳುವುದು ನನ್ನ ಕೆಲಸ. ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಅದು. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯೊಳಗೆ ಸೇರಿಕೊಳ್ಳುತ್ತದೆ. ಮೇಲೆ ಬಂದು ಸುಮ್ಮನೆ ಕೂತರೆ ಉಸಿರಿನ ಜೊತೆ ನಿಧಾನಕ್ಕೆ ಹೊರಗೆ ಹೋಗುತ್ತದೆ. ಅದು ಹೋಗುವ ಮೊದಲೇ ಮತ್ತೆ ಇಳಿದು ಬಂದರೆ, ಮುಚ್ಚಳ ತೆಗೆದ ಸೋಡಾದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತವೆ. ಎಷ್ಟು ಹೊತ್ತು ಕೂಡಬೇಕೆಂದು ಆ ಹಾಳೆ ಹೇಳುತ್ತಿತ್ತು. ಗುಡಿಯಲ್ಲಿ ಪೂಜೆ ಮಾಡುವ ನಮ್ಮ ಮಾವನವರಿಗೆ ಅದೊಂದು ಹಾಸ್ಯ. ಪಂಚಾಂಗ ಬಿಟ್ಟು ಪ್ಲಾಸ್ಟಿಕ್ ನೋಡುವ ಕಾಲ ಬಂತು ಎನ್ನುತ್ತಿದ್ದರು.

ಒಂದು ಬೇಸಿಗೆ ಕಾಗಿಣಾ ಹೊಳೆಯಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ವರ್ಷಕ್ಕೊಮ್ಮೆ ದೇವರಿಗೆ ಹೊಳೆಯಲ್ಲಿ ಸ್ನಾನ ಮಾಡಿಸುವುದು ನಮ್ಮ ಗುಡಿಯ ಪದ್ಧತಿ. ಹೊಳೆಯಿಲ್ಲದಿದ್ದರೆ ಖಣಿ ಎಂದು ಮಾವನವರು ಊರವರ ಜೊತೆ ಒಂದು ಭಾನುವಾರ ಅಲ್ಲಿಗೇ ಬಂದರು. ಮುಳುಗಿಸುವಾಗ ಬೆಳ್ಳಿಯ ಮೂರ್ತಿ ಮಾವನವರ ಕೈಜಾರಿತು.

ಇವರೂ ಗೆಳೆಯನೂ ಇಳಿದು ತಳವೆಲ್ಲ ತಡಕಿದರು. ಕಲ್ಲಿನ ಸಂದಿಯಲ್ಲಿ ಮೂರ್ತಿ ಕಂಡಾಗ ಮೇಲೆ ಬರಲೇಬೇಕಾದ ಹೊತ್ತಾಗಿತ್ತು, ಬರಿಗೈಯಲ್ಲಿ ಬಂದರು. ನಾನು ಹಾಳೆ ನೋಡಿದೆ. ಇನ್ನೆರಡು ತಾಸು ದಡದಲ್ಲೇ ಕೂಡಬೇಕು. ಮಾವನವರು ಪಂಚಾಂಗ ನೋಡಿದರು. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಒಂದು ತಾಸೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ತೆಗೆದರೆ ದೇವರೇನು ಓಡಿಹೋಗುತ್ತಿದ್ದನೇ?

"ರಾಹುಕಾಲ ಹತ್ತೂದ್ರಾಗ ದೇವರು ಮ್ಯಾಲೆ ಬರ್ಬೇಕು. ನನ್ನ ಮಗ ಇದ್ದರ ಏಳು," ಎಂದರು ಮಾವನವರು. ಕಣ್ಣಲ್ಲಿ ನೀರು.

"ಮಾಮಾ, ಈಗ ಇಳದ್ರ ಜೀವಕ್ಕ ಅಪಾಯ ಅದರಿ," ಎಂದೆ. ಅವರು ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಗೆಳೆಯ ತಾನಂತೂ ಇಳಿಯುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ. ನಾನು ಇವರ ಕೈ ಹಿಡಿದುಕೊಂಡೆ.

"ಅಪ್ಪ ಅಳ್ಳಿಕತ್ತಾರ. ನಾ ಹ್ಯಾಂಗ ಕೂಡ್ಲಿ?" ಎಂದು ಕೈ ಬಿಡಿಸಿಕೊಂಡು ಇಳಿದರು.

ಮೇಲೆ ಬರುವಾಗ ದಡದಿಂದ ಇಳಿಬಿಟ್ಟ ಹಗ್ಗ ಹಿಡಿದು ನಡುನೀರಿನಲ್ಲಿ ಬಹಳ ಹೊತ್ತು ನಿಂತರು. ಹಾಗೆ ನಿಂತರೆ ಸಾರಜನಕ ಒಂದಿಷ್ಟಾದರೂ ಹೊರಗೆ ಹೋಗುತ್ತದೆ. ಅವರ ಉಸಿರಿನ ಗುಳ್ಳೆ ನೀರಿನ ಮೇಲೆ ಒಂದೇ ಕಡೆ ಏಳುತ್ತಿದ್ದವು. ಅಷ್ಟಾದರೂ ಬುದ್ಧಿ ಉಳಿದಿದೆಯಲ್ಲ ಎಂದು ನಾನು ಸಮಾಧಾನಪಟ್ಟೆ. ಮಾವನವರು ದಡದಲ್ಲಿ ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದರು. ಮೂರ್ತಿ ಬಂದದ್ದೇ ತಡ, ಎಲ್ಲರೂ ಅದಕ್ಕೆ ಅಡ್ಡಬಿದ್ದರು. ತಂದವನಿಗೆ ಒಂದು ಟವೆಲ್ ಕೊಡುವವರಿರಲಿಲ್ಲ.

ಜೀಪಿನಲ್ಲಿ ಬರುವಾಗಲೇ ಎಡಗಾಲು ಜೋಮು ಹಿಡಿದಿದೆ ಎಂದರು. ಕಲಬುರ್ಗಿಯ ಡಾಕ್ಟರರು ಲಕ್ವ ಎಂದುಕೊಂಡರು. ಮೈಯೊಳಗಿನ ಗುಳ್ಳೆ ಕರಗಲಿಕ್ಕೆ ಗಾಳಿಯ ಒತ್ತಡ ಏರಿಸುವ ಕೋಣೆಯಲ್ಲಿ ಮಲಗಿಸಬೇಕೆಂದು ಗೆಳೆಯ ಎಲ್ಲೆಲ್ಲಿಗೋ ಫೋನು ಮಾಡಿದ. ಮುಂಬಯಿ ಮುಟ್ಟುವಷ್ಟರಲ್ಲಿ ಕಾಲಿನ ಸ್ವಾಧೀನವೇ ತಪ್ಪಿಹೋಗಿತ್ತು. ನಡುನೀರಿನಲ್ಲಿ ಹಾಗೆ ನಿಲ್ಲದೆ ನೇರ ಬಂದಿದ್ದರೆ ಜೀವವೇ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರರು. ಅದನ್ನು ಮನೆಯಲ್ಲಿ ಎಲ್ಲರೆದುರು ಹೇಳಿದೆ. ಕಲ್ಲಿಗೆ ಹೇಳಿದ ಹಾಗಾಯಿತು.

ಮುಂದೆ ಬಂದಬಂದವರಿಗೆಲ್ಲ ಮಾವನವರು ತಮ್ಮ ಲೆಕ್ಕವನ್ನೇ ಹೇಳಿದರು. ಇವರು ಕೋಲು ಹಿಡಿದು ಎದುರಿಗೇ ಕೂತಿರುತ್ತಿದ್ದರು.

"ದೇವರ್ನ ತಗೊಂಡ ಮ್ಯಾಲ ನಟ್ಟನಡುವ ಸುಮ್ಮ ನಿಂತ್ಬಿಟ್ಟ. ಅಷ್ಟರಾಗ ರಾಹುಕಾಲ ಹತ್ತಿತು. ಅದಕ್ಕ ಕಾಲು ಹೋತು," ಎನ್ನುತ್ತಿದ್ದರು ಮಾವನವರು.

ನಾನು ಇವರ ಮುಖ ನೋಡುತ್ತಿದ್ದೆ. ಇವರು ಹೌದೆಂದು ತಲೆಯಾಡಿಸುತ್ತಿದ್ದರು.