ಸೀಲು ಕಟ್ಟಿದ ಎಡಗೈ

ಅಲ್ಜೆಸಿರಾಸ್ ಬಂದರಿನಲ್ಲಿ ಎಲಾದಿಯೊ ಬರೋಸೊನನ್ನು ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಕಂಟೇನರುಗಳ ಬಾಗಿಲಿನ ಸೀಲು ಪರೀಕ್ಷಿಸಿ, ಕಟ್ಟಿ ನಿವೃತ್ತನಾದವನು. ಹೆಂಡತಿ ತೀರಿಹೋಗಿದ್ದಳು, ಮಾತು ಕಡಿಮೆ. ಅದೇ ಕೆಲಸದಲ್ಲಿದ್ದ ನಮ್ಮ ಜೊತೆಗಾರ ಕಸಿಮಿರೊ ಜೈಲಿನಲ್ಲಿದ್ದ ಆರು ವರ್ಷವೂ ತಿಂಗಳಿಗೊಮ್ಮೆ ತಪ್ಪದೆ ಸಿಗರೇಟು ಹಿಡಿದು ನೋಡಲು ಹೋದವನು ಇವನೊಬ್ಬನೇ. ಕ್ರೇನ್ ನಡೆಸುತ್ತಿದ್ದ ನಾನು ಎರಡು ಸಲ ಹೋಗಿ ಸುಮ್ಮನಾಗಿದ್ದೆ. ಹಾಗಾಗಿ ಎಲಾದಿಯೊನನ್ನು ಕಂಡರೆ ನನಗೆ ಗೌರವ, ಸ್ವಲ್ಪ ನಾಚಿಕೆ ಕೂಡ.

ಕಸಿಮಿರೊ ಸಿಕ್ಕಿಬಿದ್ದದ್ದು ಬಾಳೆಹಣ್ಣಿನ ಕಂಟೇನರೊಂದರಲ್ಲಿ ಕೊಕೇನ್ ಚೀಲಗಳು ಸಿಕ್ಕಿದಾಗ. ಯಾರೋ ಸೀಲು ಒಡೆದು ಹೊಸದನ್ನು ಕಟ್ಟಿದ್ದರು. ಆ ಕಂಟೇನರು ಸರಿಯಿದೆ ಎಂದು ಬರೆದ ಹಾಳೆಯ ಕೆಳಗೆ ಕಸಿಮಿರೊನ ಸಹಿಯಿತ್ತು. ಸೀಲಿನ ಉಕ್ಕಿನ ತಂತಿಯನ್ನು ಎಡಗೈಯವರು ಸುತ್ತುವ ಹಾಗೆ ಉಲ್ಟಾ ಸುತ್ತಿ ತುದಿಯನ್ನು ಒಳಗೆ ಮಡಚಿದ್ದಾರೆ, ನನ್ನ ಕಕ್ಷಿದಾರ ಬಲಗೈಯವನು ಎಂದು ವಕೀಲ ವಾದಿಸಿದ. ನ್ಯಾಯಾಲಯ ಒಪ್ಪಲಿಲ್ಲ. ಕಸಿಮಿರೊನ ಹೆಂಡತಿ ರೆಮೆದಿಯೊಸ್ ವಿಚಾರಣೆಯ ಪ್ರತಿದಿನವೂ ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಇದಾಗಿ ಹನ್ನೆರಡು ವರ್ಷಗಳ ಮೇಲೆ, ಒಂದು ವಸಂತದಲ್ಲಿ, ಮಾದ್ರಿದ್‌ನಿಂದ ಸಿನಿಮಾದವರು ಬಂದರು. ಬಂದರಿನ ಕಳ್ಳಸಾಗಣೆಯ ಕಥೆಯಂತೆ. ಹಿನ್ನೆಲೆಯಲ್ಲಿ ಓಡಾಡಲು ನಮ್ಮಂಥ ನಿವೃತ್ತರನ್ನು ಕರೆದರು. ಊಟದ ಗುತ್ತಿಗೆ ರೆಮೆದಿಯೊಸ್‌ಗೆ ಸಿಕ್ಕಿತು. ದೊಡ್ಡ ಬಾಣಲೆಗಳಲ್ಲಿ ಮೀನು ಹಾಕಿದ ಅನ್ನ ಮಾಡಿ ತರುತ್ತಿದ್ದಳು.

ಮೂರನೆಯ ದಿನ ಸೀಲು ಕಟ್ಟುವ ದೃಶ್ಯ. ನಾಯಕ ನಟನಿಗೆ ಎಷ್ಟು ಮಾಡಿದರೂ ಬರಲಿಲ್ಲ. ಇತ್ಸಿಯಾರ್ ಎಂಬ ನಿರ್ದೇಶಕಿ ತಾಳ್ಮೆ ಕಳೆದುಕೊಂಡು ನಮ್ಮ ಕಡೆ ತಿರುಗಿದಳು.

"ನಿಮ್ಮಲ್ಲಿ ಯಾರಿಗಾದ್ರೂ ಬರುತ್ತಾ?"

"ನಮ್ಮ ಎಲಾದಿಯೊಗೆ ಕಣ್ಣು ಮುಚ್ಕೊಂಡ್ರೂ ಬರುತ್ತೆ ತಾಯಿ," ಎಂದೆ ನಾನೇ. ಹೆಮ್ಮೆಯಿಂದಲೇ ಹೇಳಿದ್ದೆ.

ಅವನು ಒಲ್ಲೆ ಎಂದ. ಎಲ್ಲರೂ ನಕ್ಕು ಮುಂದಕ್ಕೆ ತಳ್ಳಿದರು. ತಂತಿಯನ್ನು ಕೈಗೆ ಕೊಟ್ಟದ್ದೇ ತಡ, ಅವನ ಬೆರಳು ತಾನಾಗಿ ಓಡಿತು. ಅರೆ ನಿಮಿಷವೂ ಹಿಡಿಯಲಿಲ್ಲ. ಇತ್ಸಿಯಾರ್ ಚಪ್ಪಾಳೆ ತಟ್ಟಿದಳು. "ಈ ಕೈಗಳನ್ನೇ ಶೂಟ್ ಮಾಡ್ತೀನಿ ರೀ! ಇನ್ನೊಂದ್ಸಲ!"

ಎರಡನೆಯ ಸಲ ಮಾಡುವಾಗ ರೆಮೆದಿಯೊಸ್ ಸೌಟು ಹಿಡಿದುಕೊಂಡೇ ಹತ್ತಿರ ಬಂದು ನಿಂತಳು. ಕ್ಯಾಮೆರಾ ನಿಂತ ಮೇಲೆ ಬಾಗಿ ತಂತಿಯನ್ನು ನೋಡಿದಳು.

"ಎಡಗೈಯಲ್ಲಿ ಸುತ್ತಿದೆ. ತುದಿ ಒಳಗೆ ಮಡಚಿದೆ," ಎಂದಳು.

"ರೆಮೆ..." ಎಂದ ಎಲಾದಿಯೊ.

"ಬಾಯ್ಮುಚ್ಚು. ನಂಗೇನೂ ಹೇಳ್ಬೇಡ. ಹೇಳೋದಿದ್ರೆ ಅವನಿಗೆ ಹೇಳು. ಮನೇಲೇ ಇದ್ದಾನೆ. ಜೈಲಿಂದ ಬಂದ್ಮೇಲೆ ಎಲ್ಲಿಗ್ ಹೋಗ್ತಾನೆ ಅವನು?"

ಎಲಾದಿಯೊನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬರೆಯುವುದು, ಉಣ್ಣುವುದು ಬಲಗೈಯಲ್ಲಾದ್ದರಿಂದ, ತಂತಿ ಹಿಡಿದರೆ ಮಾತ್ರ ಅವನ ಎಡಗೈ ಓಡುತ್ತದೆಂದು ನಮಗಾರಿಗೂ ಹೊಳೆದಿರಲಿಲ್ಲ. ದಾರಿಯಲ್ಲಿ ಎಲ್ಲ ಹೇಳಿದ. ಸ್ವಂತದ್ದೊಂದು ಚಿಕ್ಕ ದೋಣಿ ಬೇಕೆಂಬ ಆಸೆಗೆ ಕೊಕೇನ್ ಸಾಗಿಸುವವರ ಮಾತಿಗೆ ಒಪ್ಪಿಕೊಂಡಿದ್ದ. ಆಮೇಲೆ ಹಿಂದೆ ಸರಿಯಲು ಹೆದರಿದ. ಆ ದಿನ ಕಸಿಮಿರೊ ಇವನನ್ನು ನಂಬಿ, ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟು ಊಟಕ್ಕೆ ಹೋಗಿದ್ದ. ಆ ಕಂಟೇನರಿನ ಸಂಖ್ಯೆಯನ್ನು ಅಂಥದೊಂದು ಹಾಳೆಯಲ್ಲಿ ಬರೆದವನು ಇವನೇ.

"ಮಾಲು ಸಿಕ್ಕಿ ಬೀಳಲ್ಲ ಅಂದ್ಕೊಂಡಿದ್ದೆ ಮಾರಾಯ. ಕಸಿಮಿರೊನ ಹಿಡ್ದಾಗ ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..." ಸ್ಟಿಯರಿಂಗ್ ಹಿಡಿದಿದ್ದ ನನಗೆ ಅವನ ಕಡೆ ನೋಡಲಾಗಲಿಲ್ಲ.

ಕಸಿಮಿರೊ ಅಡುಗೆಮನೆಯ ಮೇಜಿನ ಮೇಲೆ ಚಿಕ್ಕ ಮೀನುಗಳ ತಲೆ ಮುರಿಯುತ್ತ ಕೂತಿದ್ದ. ಎಲಾದಿಯೊ ನಿಂತುಕೊಂಡೇ ಹೇಳಿದ. ಕೇಳುತ್ತ ಕಸಿಮಿರೊ ಇನ್ನೂ ನಾಲ್ಕೈದು ಮೀನು ಮುಗಿಸಿದ. ಆಮೇಲೆ ಕೈ ಒರೆಸಿಕೊಂಡ.

"ತಿಂಗಳು ತಿಂಗಳು ಬರ್ತಿದ್ದೆಯಲ್ಲ, ನನಗೋಸ್ಕರಾನೋ ನಿನಗೋಸ್ಕರಾನೋ?"

"ನನಗೋಸ್ಕರ."

"ನಮ್ಮಮ್ಮ ಸತ್ತಾಗ ಶವದ ಹಿಂದೆ ನಡೆಯೋಕೆ ಜೈಲಿನವರು ನನ್ನನ್ನ ಬಿಡ್ಲಿಲ್ಲ. ನನ್ನ ಜಾಗದಲ್ಲಿ ನೀನು ಹೆಗಲು ಕೊಟ್ಟೆ. ಅದನ್ನ ನೆನೆಸ್ಕೊಂಡು ಎಷ್ಟು ಸಲ ಅತ್ತಿದೀನಿ ಗೊತ್ತಾ? ಈಗ ಅದನ್ನೂ ಕಿತ್ಕೊಂಡ್ಯಲ್ಲೋ." ಅವನು ದನಿ ಏರಿಸಲಿಲ್ಲ. "ಹೋಗು. ಪೊಲೀಸರಿಗೆ ಹೇಳು. ಮತ್ತೆ ಈ ಮೆಟ್ಟಿಲು ಹತ್ತಬೇಡ."

ಅದೇ ಮಧ್ಯಾಹ್ನ ಎಲಾದಿಯೊ ಠಾಣೆಯಲ್ಲಿ ಹೇಳಿಕೆ ಕೊಟ್ಟ. ಶಿಕ್ಷಿಸಲು ಕಾನೂನಿನ ಅವಧಿ ಮುಗಿದುಹೋಗಿದೆ ಎಂದು ಕೆಲವು ವಾರಗಳ ಮೇಲೆ ತಿಳಿಸಿದರು. "ಹಾಗಾದ್ರೆ ನನಗೇನೂ ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿದನಂತೆ. "ಮನೆಗೆ ಹೋಗಿ ಸ್ವಾಮಿ," ಎಂದರಂತೆ ಅಧಿಕಾರಿ.

ಕಸಿಮಿರೊ ನಿರ್ದೋಷಿ ಎಂಬ ತೀರ್ಪು ಬರಲು ಎರಡು ವರ್ಷ ಹಿಡಿಯಿತು. ರೆಮೆದಿಯೊಸ್ ಅದರ ಪ್ರತಿಯನ್ನು ಕಟ್ಟಡದ ಕೆಳಬಾಗಿಲಿಗೆ ಅಂಟಿಸಿದಳು. ಕಸಿಮಿರೊ ನಿಧಾನವಾಗಿ ಹೊರಗೆ ಬರತೊಡಗಿದ, ಮೊದಲು ಬ್ರೆಡ್ಡಿನಂಗಡಿಗೆ, ಆಮೇಲೆ ನಾವೆಲ್ಲ ಸೇರುವ ಬಾರ್‌ಗೆ. ಎಲಾದಿಯೊ ಅಷ್ಟರಲ್ಲಿ ಬಾರ್‌ಗೆ ಬರುವುದನ್ನು ಬಿಟ್ಟಿದ್ದ. ದಾರಿಯಲ್ಲಿ ಸಿಕ್ಕರೆ ಹೆಚ್ಚಿನವರು ಮುಖ ತಿರುಗಿಸುತ್ತಾರೆ. ನಾನು ಮಾತಾಡಿಸುತ್ತೇನೆ. ಅದು ಸರಿಯೋ ತಪ್ಪೋ, ನನಗೆ ತಿಳಿಯದು.

ಕಳೆದ ಭಾನುವಾರ ಡಾಮಿನೊ ಆಡುತ್ತಿದ್ದಾಗ ಕಸಿಮಿರೊ ತಲೆ ಎತ್ತದೆ ಕೇಳಿದ, "ಅವನು ಹೇಗಿದ್ದಾನೆ?"

"ಚೆನ್ನಾಗಿಲ್ಲ," ಎಂದೆ.

ಅವನು ಕೈಯಲ್ಲಿದ್ದ ಕಾಯನ್ನು ಮೇಜಿನ ಮೇಲಿಟ್ಟ. "ಆಡು, ನಿನ್ನ ಸರದಿ," ಎಂದ.