ಚುಕ್ಕಿ ಯಾಕೆ ನಿಲ್ತಿದ್ಲು

ನಾನಿನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಕುಣಿಗಲ್ಲಿನ ನಮ್ಮ ಕುದುರೆ ಫಾರಮ್ಮಿನ ಮರದ ಬೇಲಿಗೆ ವರ್ಷಕ್ಕೊಂದು ಸಲ ಸುಣ್ಣ ಬಳಿಯುತ್ತಿದ್ದರು. 'ನಮ್ಮ' ಅಂತ ಬಾಯಿಗೆ ತಾನಾಗಿ ಬರುತ್ತದೆ. ಅಲ್ಲಿ ನಮ್ಮದು ಅನ್ನೋದು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅಪ್ಪ ಅಲ್ಲಿ ಸೈಸ್. ಕುದುರೆಮರಿಗಳ ಮೈ ಉಜ್ಜಿ, ಮೇವು ಹಾಕಿ, ಲಾಯ ಗುಡಿಸುವ ಕೆಲಸ. ಅವ್ವ ಅಲ್ಲೇ ಹುಲ್ಲು ಕೊಯ್ಯೋಳು. ಆದರೂ ಶಾಲೆಯಲ್ಲಿ ಯಾರಾದರೂ "ನಿಂದು ಎಲ್ಲೇ?" ಅಂದರೆ "ಫಾರಂ" ಅಂತ ಕುತ್ತಿಗೆ ಎತ್ತಿ ಹೇಳುತ್ತಿದ್ದೆ.

ಆ ದಿನಗಳಿಗೆ ಒಂದು ವಾಸನೆ ಇದೆ. ಆಗತಾನೆ ಕೊಯ್ದ ಕುದುರೆ ಮಸಾಲೆ ಸೊಪ್ಪು, ಬೂಸಾ, ಬೆಂದ ಹುರುಳಿ, ಒದ್ದೆ ಚರ್ಮದ ಪಟ್ಟಿ. ಅಪ್ಪನ ಅಂಗಿಯನ್ನು ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಈಗಲೂ ಎಲ್ಲೋ ಸಂತೆಯಲ್ಲಿ ಹುರುಳಿ ಬೇಯುವ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಬೆಳಗ್ಗೆ ಶಾಲೆಗೆ ಮುಂಚೆ ಅಪ್ಪನಿಗೆ ಬುತ್ತಿ ಕೊಡೋದು ನನ್ನ ಕೆಲಸ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಮ್ಮ ಮನೆಯಿಂದ ಹೊರಟರೆ ಎಡಕ್ಕೆ ಬಿಳಿ ಬೇಲಿ ನೇರವಾಗಿ ಒಂದು ಹೊಂಗೆಮರದ ತನಕ ಹೋಗುತ್ತಿತ್ತು. ಎಡಗೈ ಬೇಲಿಯ ಮೇಲಿಟ್ಟುಕೊಂಡು ಓಡುತ್ತಿದ್ದೆ. ಮರ ಮುಟ್ಟುವ ಹೊತ್ತಿಗೆ ಅಂಗೈ ಎಲ್ಲ ಸುಣ್ಣ. ಅದೇ ಕೈಯಲ್ಲಿ ಲಂಗ ಒರೆಸಿಕೊಂಡು ದಿನಾ ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಬೇಲಿಯ ಆ ಕಡೆ ಚುಕ್ಕಿ ಇದ್ದಳು. ಕಂದು ಬಣ್ಣದ ಹೆಣ್ಣುಮರಿ, ಹಣೆಯಲ್ಲಿ ಬಟ್ಟಲಷ್ಟು ಬಿಳಿ. ಬೆಂಗಳೂರಿಗೆ ಹೋದಮೇಲೆ ಅವಳಿಗೆ ಏನೋ ಇಂಗ್ಲಿಷ್ ಹೆಸರಿಟ್ಟರು. ಹುಟ್ಟಿದ ದಿನ ಅಪ್ಪ ಇಟ್ಟದ್ದು ಚುಕ್ಕಿ. ನನಗೆ ಒಂಬತ್ತು ವರ್ಷ, ಅವಳಿಗೆ ಒಂದು. ನಾನು ಓಡಿದರೆ ಅವಳೂ ಓಡುವಳು. ನಾನು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವಳು ಎಲ್ಲೋ ಇರುತ್ತಿದ್ದಳು. ಅಲ್ಲಿ ನಿಧಾನ ಮಾಡಿ, ಕಿವಿ ಎರಡನ್ನೂ ನೆಟ್ಟಗೆ ಮಾಡಿ, ಕತ್ತು ಬಲಕ್ಕೆ ತಿರುಗಿಸಿ ನೋಡುವಳು. ನಾನು ಏದುಸಿರು ಬಿಡುತ್ತಾ ಬಂದು ಸೇರುವ ತನಕ ಕಾಯುವಳು. ಆಮೇಲೆ ಇಬ್ಬರೂ ಮರದ ತನಕ ಹೋಗುತ್ತಿದ್ದೆವು. ಅಲ್ಲಿ ನನ್ನ ಬಲಗೈ ಮುಷ್ಟಿಯಲ್ಲಿ ಬೆವೆತು ಅಂಟಾಗಿದ್ದ ಬೆಲ್ಲದ ಚೂರು ಅವಳದ್ದು. ಅವಳ ತುಟಿ ಅಂಗೈ ಮುಟ್ಟಿದರೆ ಬಿಸಿಬಿಸಿ ರೇಷ್ಮೆ ಬಟ್ಟೆ ಮುಟ್ಟಿದ ಹಾಗೆ.

ಇದು ಫಾರಮ್ಮಿನಲ್ಲಿ ದೊಡ್ಡ ತಪ್ಪು. ಮಕ್ಕಳು ಬೇಲಿ ಹತ್ತಿರ ಬರಬಾರದು, ಮರಿಗಳಿಗೆ ಯಾರೂ ಏನೂ ತಿನ್ನಿಸಬಾರದು. ಗೊತ್ತಾದರೆ ಸೈಸನ ಕೆಲಸಕ್ಕೇ ಕುತ್ತು. ನನಗೂ ಅದು ಗೊತ್ತಿತ್ತು. ಹಾಗಾಗಿ ಬುತ್ತಿ ಕೊಡುವಾಗ ಬಲಗೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಒಂದು ವರ್ಷ ಹೀಗೆ ನಡೆಯಿತು. ಒಂದಿನ ಲಾರಿ ಬಂತು, ಚುಕ್ಕಿಯನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೋಯಿತು. ಅವತ್ತಿನ ಬೆಲ್ಲ ನಾನೇ ತಿಂದೆ.

ನಾನು ಹೇಳಬೇಕೆಂದಿರೋದು ನಾನು ಏಳನೇ ಕ್ಲಾಸಿನಲ್ಲಿದ್ದಾಗಿನ ಆಷಾಢದ ಕತೆ.

ಆ ಆಷಾಢದಲ್ಲಿ ಬೆಂಗಳೂರಿನ ದೊಡ್ಡ ರೇಸಿಗೆ ನಮ್ಮ ಚುಕ್ಕಿಯ ಹೆಸರಿದೆ ಅಂತ ಸುದ್ದಿ ಬಂತು. ಗಾಳಿಗೆ ತೆಂಗಿನ ಗರಿಗಳು ಕಿತ್ತು ಬೀಳುತ್ತಿದ್ದ ದಿನಗಳು. ಅಪ್ಪ ಬಸ್‌ಸ್ಟ್ಯಾಂಡಿನ ಕಡೆ ಹೋದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ. ಕಟಿಂಗ್ ಶಾಪಿನ ಸಿದ್ದಣ್ಣ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದ.

"ಕೆಂಪಣ್ಣ, ಒಂದೇ ಮಾತು. ಗೆಲ್ತದಾ?"

"ಮೊದ್ಲು ಒಳಗೆ ಕುಂತಿರೋನ ಇನ್ನೊಂದ್ ಕಡೆ ಮೀಸೆ ನೋಡ್ಕೊಳೋ ಮಾರಾಯ" ಅಂತ ಅಪ್ಪ ನಕ್ಕು ಮುಂದೆ ಹೋಗುವನು.

ಜನ ಅಪ್ಪನ ಮಾತಿಗೆ ಕಾಯುತ್ತಿದ್ದುದಕ್ಕೆ ಕಾರಣವಿತ್ತು. ಬೇರೆಯವರು ಕುದುರೆಯ ಕಾಲು ನೋಡಿದರೆ ಅಪ್ಪ ಕಿವಿ ನೋಡುತ್ತಿದ್ದ. "ಕಾಲು ಎಲ್ಲಾಕ್ಕೂ ನಾಕೇ ಕಣವ್ವ" ಅನ್ನುವನು. "ಕುದ್ರೆ ಮನ್ಸಲ್ಲಿರೋದು ಕಿವಿ ಮ್ಯಾಲೆ ಐತೆ. ಹಿಂದಕ್ಕೆ ಮಲಗಿಸ್ತು ಅಂದ್ರೆ ಸಿಟ್ಟು, ಇಲ್ಲಾ ಸುಸ್ತು. ನೆಟ್ಟಗೆ ಮುಂದಕ್ಕಿಡ್ತು ಅಂದ್ರೆ ಏನೋ ಹುಡುಕ್ತಾ ಐತೆ." ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಓದುತ್ತಿದ್ದ ಅಕ್ಷರ ಅದೊಂದೇ.

ರೇಸಿಗೆ ಒಂದು ವಾರ ಇರುವಾಗ ಚುಕ್ಕಿಯನ್ನು ಪಳಗಿಸುತ್ತಿದ್ದ ಟ್ರೈನರು ಬೆಂಗಳೂರಿನಿಂದ ಜೀಪಿನಲ್ಲಿ ಬಂದರು. ಆಫೀಸಿನ ಜಗಲಿಯಲ್ಲಿ ಕೂತು ಅಪ್ಪನನ್ನು ಕರೆಸಿದರು. ಚಾ ತರುವ ನೆಪದಲ್ಲಿ ನಾನೂ ಹೋಗಿ ಕಂಬದ ಹತ್ತಿರ ನಿಂತೆ.

"ಕೆಂಪಣ್ಣ, ಎರಡು ರೇಸಲ್ಲೂ ಒಂದೇ ಕಥೆ" ಅಂದರು ಟ್ರೈನರು. "ತಿರುವು ದಾಟೋವರೆಗೂ ಎಲ್ಲಕ್ಕಿಂತ ಮುಂದೆ. ನೇರ ದಾರಿ ಸಿಕ್ತಿದ್ದ ಹಾಗೆ ಯಾರೋ ಕರೆದ ಹಾಗೆ ನಿಧಾನ ಮಾಡ್ತಾಳೆ. ಹಿಂದಿದ್ದವು ದಾಟ್ಕೊಂಡು ಹೋಗ್ತವೆ. ಡಾಕ್ಟರು ನೋಡಿದ್ರು. ಎದೆ ಗಟ್ಟಿ, ಕಾಲು ಗಟ್ಟಿ. ಮಾಲೀಕರು ಬೇಜಾರಾಗಿದಾರೆ. ಈ ಸಲಾನೂ ಹಿಂಗೇ ಆದ್ರೆ ಮಾರಿಬಿಡ್ತಾರೆ. ಎಲ್ಲಿಗೆ ಹೋಗ್ತಾಳೋ ಏನೋ. ಸಾಕಿದವನು ನೀನು. ಹೇಳು, ಓಡಿಸೋದಾ ಬೇಡ್ವಾ?"

ಅಪ್ಪ ಅದಕ್ಕೆ ಮರುಪ್ರಶ್ನೆ ಹಾಕಿದ. "ನಿಧಾನ ಮಾಡ್ವಾಗ ಕಿವಿ ಎಂಗಿರ್ತವೆ ಸಾ?"

"ಕಿವೀನಾ?" ಅವರು ನೆನಪು ಮಾಡಿಕೊಂಡರು. "ಹೌದು, ಜಾಕಿ ಹೇಳ್ದ. ನೆಟ್ಟಗೆ ಮುಂದಕ್ಕೆ. ಕತ್ತು ಬೇರೆ ಬಲಕ್ಕೆ ಎಳೀತಾಳಂತೆ."

"ಸುಸ್ತಾದ ಕುದ್ರೆ ಕಿವಿ ಮುಂದಕ್ಕಿಡಲ್ಲ ಸಾ. ಅವ್ಳಿಗೆ ದಮ್ಮೈತೆ. ಏನೋ ಹುಡುಕ್ತಾವ್ಳೆ. ಏನು ಅಂತ ಹೊಳೀವಲ್ದು. ನಾಳೆಗಂಟ ಟೈಮ್ ಕೊಡಿ."

ನಾನು ಚಾ ಲೋಟ ಜಗಲಿಯ ಮೇಲಿಟ್ಟು ಮನೆಗೆ ಓಡಿದೆ.

ಸಂಜೆ ಅವ್ವ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. ಅಪ್ಪ ಗೋಡೆಗೊರಗಿ ಕೂತು, ಯೋಚನೆ ಮಾಡುತ್ತಾ ಬೀಡಿ ಹಚ್ಚುವುದನ್ನೂ ಮರೆತಿದ್ದ. ಹೇಳಿದರೆ ಅಪ್ಪನ ಕೆಲಸ ಹೋಗಬಹುದು. ಹೇಳದಿದ್ದರೆ ಚುಕ್ಕಿ ಯಾವುದೋ ಊರಿನ ಪಾಲು. ಹನ್ನೆರಡು ವರ್ಷದ ತಲೆಯಲ್ಲಿ ಅವೆರಡೂ ತಕ್ಕಡಿಯ ಹಾಗೆ ತೂಗಿದವು. ಕೊನೆಗೆ ಅಳು ಮುಂಚೆ ಬಂತು, ಮಾತು ಆಮೇಲೆ.

"ಅಪ್ಪ, ಅವ್ಳು ಹುಡುಕ್ತಿರೋದು ನನ್ನ."

ಬೇಲಿ, ಓಟ, ಬೆಲ್ಲ, ಎಲ್ಲ ಹೇಳಿದೆ. ಅವ್ವ ಮುದ್ದೆಕೋಲು ಎತ್ತಿಕೊಂಡೇ ಬಂದಳು. "ಏನ್ಲೇ ಮಾಡ್ದೆ ನೀನು? ನಿಮ್ಮಪ್ಪನ ಅನ್ನಕ್ಕೆ ಕಲ್ಲಾಕಿದ್ಯಲ್ಲೇ!"

"ಬುಡು, ಬುಡೇ" ಅಂತ ಅಪ್ಪ ಅವಳ ಕೈ ತಡೆದ. ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದ. "ಓಡ್ವಾಗ ನೀನು ಅವ್ಳ ಯಾವ ಕಡೆಗಿರ್ತಿದ್ದೆ?"

"ಬಲಕ್ಕೆ."

ಅಪ್ಪ ಎದ್ದು ನಿಂತುಬಿಟ್ಟ. "ಬೆಂಗ್ಳೂರ್ ರೇಸ್ ಮೈದಾನದಲ್ಲೂ ಬಿಳಿ ಬೇಲಿ ಬಲಕ್ಕೇ ಐತೆ ಕಣೇ!" ಅಂತ ಅವ್ವನಿಗೆ ಹೇಳಿದ. ಸಿಟ್ಟು ಇರಬೇಕಾದ ಮುಖದಲ್ಲಿ ಲೆಕ್ಕ ಬಿಡಿಸಿದ ಹುಡುಗನ ಖುಷಿ ಇತ್ತು. "ತಿರುವು ದಾಟಿ ನೆಟ್ಟಗೆ ಬಿಳಿ ಬೇಲಿ ಕಂಡ್ರೆ ಅವ್ಳಿಗೆ ಇದೇ ಫಾರಂ. ಇವ್ಳು ಎಲ್ಲಿ ಹಿಂದುಳಿದ್ಲೋ ಅಂತ ನಿಂತ್ಕತಾಳೆ."

ಮಾರನೇ ದಿನ ಅಪ್ಪ ನನ್ನನ್ನೂ ಕರೆದುಕೊಂಡೇ ಆಫೀಸಿಗೆ ಹೋದ. ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ಎಲ್ಲವನ್ನೂ ಹೇಳಿದ. ಮ್ಯಾನೇಜರು ಕನ್ನಡಕ ತೆಗೆದರು.

"ರೂಲ್ಸ್ ಗೊತ್ತಿಲ್ವೇನಯ್ಯಾ ನಿಂಗೆ?"

"ಗೊತ್ತು ಸಾ. ತಪ್ಪು ನಂದೇ. ಮಗೀಗೇನು ಗೊತ್ತು."

ಟ್ರೈನರು ಮಾತ್ರ ನನ್ನನ್ನೇ ನೋಡುತ್ತಿದ್ದರು. "ಎರಡು ತಿಂಗಳಿಂದ ತಲೆ ಕೆಡಿಸ್ಕೊಂಡಿದೀವಿ. ಇಷ್ಟೇನಾ? ಸರಿ, ಈಗ ಹೇಳು ಕೆಂಪಣ್ಣ. ಓಡಿಸಿದ್ರೆ?"

"ಜಟಕಾ ಕುದ್ರೆಗೆ ಕಟ್ತಾರಲ್ಲ ಸಾ, ಆ ತರ ಕಣ್ಣುಪಟ್ಟಿ ಕಟ್ಟಿ. ಪಕ್ಕಕ್ಕೆ ಬೇಲಿ ಕಾಣ್ಬಾರ್ದು. ಮುಂದಿರೋದಷ್ಟೇ ಕಾಣ್ಲಿ. ಗೆಲ್ತಾಳೆ."

"ಗೆದ್ರೆ ನಿನ್ನ ಮಗಳಿಗೆ ಮೈಸೂರು ಪಾಕು" ಅಂದರು ಮ್ಯಾನೇಜರು. "ಸೋತ್ರೆ ನೀನು ಗೇಟಿನಾಚೆ." ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಅವರು ನಗಲಿಲ್ಲ.

ಆಮೇಲೆ ಸಿದ್ದಣ್ಣ ಕೇಳಿದಾಗ ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟು "ಇವ್ಳ ಕೇಳು" ಅಂದ.

"ಏನಮ್ಮಾ ಪಂಡಿತ್ರೇ, ಗೆಲ್ತದಾ?"

ಗೆಲ್ಲಬೇಕು ಅಂತ ನನಗೂ ಇತ್ತು. ಕಣ್ಣಿಗೆ ಪಟ್ಟಿ ಕಟ್ಟುತ್ತಾರಲ್ಲ ಅನ್ನುವುದು ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ರೇಸಿನ ದಿನ ಭಾನುವಾರ. ಮಧ್ಯಾಹ್ನ ಮೇಲೆ ಸೈಸುಗಳೆಲ್ಲ ಆಫೀಸಿನ ಫೋನಿನ ಸುತ್ತ ಕೂತರು. ನನಗೆ ಅಲ್ಲಿ ಇರಲಾಗಲಿಲ್ಲ. ಬೇಲಿಯ ಹತ್ತಿರ ಬಂದೆ. ಸೋನೆ ಹಿಡಿದಿತ್ತು. ಹುಲ್ಲಿನ ಮೇಲೆ ಹೊಗೆಯ ಹಾಗೆ ಹನಿ. ಬಯಲು ಖಾಲಿ. ಕೆರೆ ಕಡೆಯಿಂದ ಗಾಳಿ ಬಂದಾಗಲೆಲ್ಲ ಹುಲ್ಲು ಒಂದು ಕಡೆಯಿಂದ ಬಾಗುತ್ತಾ ಬರುವುದು, ಯಾರೋ ಕಾಣದವರು ಅದರ ಮೇಲೆ ಓಡಿಬಂದಂತೆ. ಎಡಗೈ ಬೇಲಿಯ ಮೇಲಿಟ್ಟೆ. ಓಡಿದೆ.

ಮೊದಲು ನನ್ನ ಹೆಜ್ಜೆಯ ಸದ್ದು ಮಾತ್ರ ಇತ್ತು. ಆಮೇಲೆ ಬೇಲಿಯ ಆ ಕಡೆಯೂ ಸದ್ದು ಕೇಳಿತು. ಉಸಿರು, ಗೊರಸು, ಒದ್ದೆ ಹುಲ್ಲು ಹರಿಯುವ ಶಬ್ದ. ಎಡಕ್ಕೆ ತಿರುಗಿ ನೋಡಿದರೆ ಇರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ. "ನಿಲ್ಬೇಡ ಚುಕ್ಕಿ, ನಿಲ್ಬೇಡ, ನಾನು ಬರ್ತೀನಿ, ನೀನು ಹೋಗು" ಅಂತ ಬಾಯಿ ಹೇಳುತ್ತಲೇ ಇತ್ತು. ಹೊಂಗೆಮರ ಬಂತು. ಅವತ್ತು ಮೊದಲ ಸಲ ಅಲ್ಲಿ ನಿಲ್ಲದೆ ಮರ ದಾಟಿ, ಕಾಲುದಾರಿ ಮುಗಿಯುವ ತನಕ ಓಡಿದೆ. ಹಿಂದಿನಿಂದ ಅಪ್ಪನ ಕೂಗು ಬಂತು. ಟವೆಲ್ಲು ತಿರುಗಿಸುತ್ತಾ, ಮಳೆಯಲ್ಲಿ ಜಾರುತ್ತಾ ಬರುತ್ತಿದ್ದ.

"ಗೆದ್ಲು ಕಣವ್ವಾ! ಗೆದ್ಲು! ಒಂದು ಕತ್ತಿನಷ್ಟು ಮುಂದೆ!"

ನನ್ನನ್ನು ಎತ್ತಿಕೊಂಡು ಒಂದು ಸುತ್ತು ಹಾಕಿದ. ಕೆಳಗಿಳಿಸಿದ ಮೇಲೆ ಕೇಳಿದೆ. "ತಿರುಗಿ ನೋಡಿದ್ಲಂತಾ ಅಪ್ಪಾ?"

ಅಪ್ಪ ಟವೆಲ್ಲಿನಿಂದ ನನ್ನ ತಲೆ ಒರೆಸುತ್ತಾ ಹೇಳಿದ. "ಇಲ್ವಂತೆ ಮಗ. ನೆಟ್ಟಗೆ ಹೋದ್ಲಂತೆ."

ಮ್ಯಾನೇಜರು ಮಾತಿಗೆ ತಪ್ಪಲಿಲ್ಲ. ಮೈಸೂರು ಪಾಕನ್ನು ಅಳುತ್ತಾ ತಿಂದೆ, ಅಷ್ಟನ್ನೂ ತಿಂದೆ. ಎಲ್ಲರೂ ಖುಷಿಗೆ ಅಂದುಕೊಂಡರು.

ನಾನು ಎಸೆಸ್ಸೆಲ್ಸಿಗೆ ಬಂದ ವರ್ಷ ಚುಕ್ಕಿ ಮರಿ ಹಾಕಲು ಫಾರಮ್ಮಿಗೇ ಮರಳಿದಳು. ಆಗ ಅವ್ವ ನನಗೂ ಕಣ್ಣುಪಟ್ಟಿ ಕಟ್ಟಿದ್ದಳು. "ಓದೋ ಹುಡ್ಗಿ ಅತ್ಲಾಗಿತ್ಲಾಗೆ ನೋಡ್ಬಾರ್ದು. ಪರೀಕ್ಷೆ ಮುಗೀಲಿ." ಮುಗಿದ ಮೇಲೆ ಬೆಲ್ಲ ಹಿಡಿದು ಹೋದೆ. ಬೇಲಿಯುದ್ದಕ್ಕೂ ಓಡಿದೆ. ಚುಕ್ಕಿ ಒಮ್ಮೆ ತಲೆ ಎತ್ತಿದಳು, ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು. ಕಿವಿ ಅಲುಗಲಿಲ್ಲ. ತಪ್ಪು ಅವಳದ್ದಲ್ಲ.

ಆಮೇಲೆ ನಾನೂ ನೆಟ್ಟಗೇ ಹೋದೆ. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಹೋಗಿ ಡಿಗ್ರಿ ಮುಗಿಸಿದೆ. ನಮ್ಮ ವಂಶದಲ್ಲಿ ಆ ಕಾಗದ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು. ಸರ್ಕಾರಿ ಕೆಲಸ ಸಿಕ್ಕಿತು. ಅಪ್ಪ ಅವ್ವ ಈಗ ತುಮಕೂರಿನಲ್ಲಿ ನನ್ನ ಜೊತೆಗೇ ಇದ್ದಾರೆ. ಗೆದ್ದೆ ಅಂತಲೇ ಹೇಳಬೇಕು. ಆದರೆ ಆ ದಾರಿಯಲ್ಲಿ ಎಷ್ಟು ಸಲ ಯಾರ್ಯಾರು ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತಾ ಹಿಂದುಳಿದರೋ ನಾನು ನೋಡಲಿಲ್ಲ. ನನಗೋಸ್ಕರ ಗೆಲ್ಲುವ ಓಟವನ್ನೇ ನಿಲ್ಲಿಸಿ ಕಾದ ಜೀವ ಆಮೇಲೆ ಇನ್ನೊಂದು ಸಿಗಲೂ ಇಲ್ಲ.

ಹೋದ ತಿಂಗಳು ಯಾವುದೋ ಮದುವೆಗೆ ಕುಣಿಗಲ್ಲಿಗೆ ಹೋದಾಗ ಅಪ್ಪನಿಗೆ ಫಾರಂ ಕಡೆ ಒಂದು ಸುತ್ತು ಹೋಗುವ ಆಸೆ. ಚುಕ್ಕಿ ಸತ್ತು ಎಷ್ಟೋ ವರ್ಷವಾಯಿತು. ಹಳೇ ಬೇಲಿ ಒಂದಿಷ್ಟು ಉಳಿದಿದೆ, ಸುಣ್ಣ ಕಾಣದೆ ಅದರ ಮರ ಬೂದಿ ಬಣ್ಣಕ್ಕೆ ತಿರುಗಿದೆ. ಹುರುಳಿ ಬೇಯುವ ವಾಸನೆ ಇಲ್ಲ. ಹೈವೇ ಲಾರಿಗಳ ಸದ್ದು ಇಲ್ಲಿ ತನಕ ಬರುತ್ತದೆ. ನಾನು ಫೋನು ನೋಡುತ್ತಾ ನಡೆದು ಹೊಂಗೆಮರದ ಹತ್ತಿರ ಬಂದು, ಏನೋ ಕೇಳಿದೆ. ಉತ್ತರ ಬರಲಿಲ್ಲ.

ತಿರುಗಿ ನೋಡಿದೆ. ಅಪ್ಪ ಬಹಳ ಹಿಂದೆ ಇದ್ದ. ಯಾವುದೋ ಕಾಲದಲ್ಲಿ ಕುದುರೆ ಒದ್ದ ಮಂಡಿ ಈಗ ಮಡಚುವುದಿಲ್ಲ. ಎಡಗೈ ಬೇಲಿಯ ಮೇಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಹಾಕುತ್ತಿದ್ದ. "ನೀನು ನಡಿಯವ್ವ, ನಾನು ಬತ್ತೀನಿ" ಅಂತ ಅಲ್ಲಿಂದಲೇ ಕೂಗಿದ.

ನಾನು ನಡೆಯಲಿಲ್ಲ. ಫೋನು ಚೀಲಕ್ಕೆ ಹಾಕಿ ನಿಂತೆ. ಅಪ್ಪ ಬಂದು ಮರಕ್ಕೆ ಒರಗಿ ಉಸಿರು ತಿರುಗಿಸಿಕೊಂಡ. ನಾನು ನಿಂತಿದ್ದ ಜಾಗ ನೋಡಿದ, ನನ್ನ ಮುಖ ನೋಡಿದ. ಹಲ್ಲಿಲ್ಲದ ಬಾಯಿ ನಗುವಿಗೆ ತೆರೆಯಿತು.

"ಬೆಲ್ಲ ತಂದಿಲ್ವಲ್ಲ ಕಣವ್ವ ನಾನು" ಅಂದು ಎಡಗೈ ಬಿಚ್ಚಿ ತೋರಿಸಿದ.

ಅಷ್ಟು ದೂರ ಬೇಲಿ ಹಿಡಿದುಕೊಂಡು ಬಂದ ಕೈ. ಅದರಲ್ಲಿ ಸುಣ್ಣವೂ ಇರಲಿಲ್ಲ.