ಬೀಗದೊಳಗೆ ಎರಡು ಪೆಟ್ಟಿಗೆ

ಅಪ್ಪ ಶನಿವಾರ ಕಾರನ್ನು ಸರ್ವೀಸಿಗೆ ಬಿಟ್ಟು ಬಸ್ಸಿನಲ್ಲಿ ನಮ್ಮೂರು ಅನ್ನೂರಿಗೆ ಬಂದರು. ಸೋಮವಾರ ತರಲು ಕೊಯಮತ್ತೂರಿಗೆ ಹೋದರೆ ಶೋರೂಮಿನ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಮುಂದಿನ ತಿಳಿವಳಿಕೆಯವರೆಗೆ ವ್ಯವಹಾರ ನಿಲ್ಲಿಸಲಾಗಿದೆ ಎಂದು ಒಂದು ಕಾಗದ ಅಂಟಿಸಿದ್ದರು. ಮಧ್ಯಾಹ್ನ ಮತ್ತೆ ಬಸ್ಸಿನಲ್ಲೇ ಬಂದ ಅಪ್ಪ ಚಪ್ಪಲಿ ಬಿಡುತ್ತಾ, “ಮುಚ್ಬುಟ್ಟವ್ರೆ” ಎಂದರು.

ಅಮ್ಮ, “ವಂಡಿ?” ಎಂದು ಕಾರಿನ ವಿಷಯ ಕೇಳಿದಳು.

ಅಜ್ಜಿ ಕೇಳಿದ್ದು ಒಂದೇ: “ನನ್ನ ಎಲೆ ಪೆಟ್ಟಿ?”

ಅಜ್ಜಿಯ ಹಿತ್ತಾಳೆಯ ಎಲೆ ಅಡಿಕೆ ಪೆಟ್ಟಿಗೆ ಕಾರಿನ ಹಿಂದಿನ ಸೀಟಿನ ಮೇಲೆ ಉಳಿದುಹೋಗಿತ್ತು. ಅಲ್ಲಿಂದಾಚೆಗೆ ಅವಳು ಎಲೆಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮಡಿಕೆ ಬಿಡಿಸುವಾಗಲೆಲ್ಲ ಆ ಕಂಪನಿಯ ವಂಶವನ್ನೇ ಬೈಯುತ್ತಿದ್ದಳು.

ನಾನು ಆಗಷ್ಟೇ ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ಕೆಲಸವಿರಲಿಲ್ಲ. ಆ ಕಾಗದದಲ್ಲಿ ಏನೇನು ಬರೆದಿಲ್ಲ ಎಂಬುದೇ ನನಗೆ ಕುತೂಹಲವಾಗಿತ್ತು. ಅಷ್ಟು ದೊಡ್ಡ ಗಾಜಿನ ಕಟ್ಟಡ, ಒಳಗೆ ಹೂವಿನ ಹಾರ ಹಾಕಿದ ಹೊಸ ಕಾರು, ಹಿಂದೆ ಉದ್ದನೆಯ ವರ್ಕ್‌ಶಾಪ್ ಶೆಡ್ಡು. ಇವೆಲ್ಲ ಒಂದು ಭಾನುವಾರದೊಳಗೆ ನಿಂತುಹೋಗುವುದು ಹೇಗೆ? ಮರುದಿನ ಅಪ್ಪನ ಜೊತೆ ನಾನೂ ಹೊರಟೆ.

ಗೇಟಿನ ಮುಂದೆ ಜನ ಇದ್ದರು. ಒಬ್ಬರು ಅಣ್ಣ ತಮ್ಮಂದಿರ ಜಗಳ ಎಂದರು, ಇನ್ನೊಬ್ಬರು ಕಾರು ಮಾಡುವ ಕಂಪನಿಯೇ ಏಜೆನ್ಸಿ ಕಿತ್ತುಕೊಂಡಿತು ಎಂದರು. ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ಹತ್ತಿರದ ನೆಂಟರ ವಿಷಯ ಹೇಳುವ ಹಾಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಗಾಜಿಗೆ ಹಣೆ ಹಚ್ಚಿ ನಿಂತಿದ್ದರು. ಒಳಗಿದ್ದ ಹೊಸ ಕಾರು ಅವರದಂತೆ. ಬಹಳ ವರ್ಷ ಕಾದು, ಬಣ್ಣ ಆರಿಸಿ, ಶುಕ್ರವಾರ ಪೂಜೆ ಮಾಡಿಸಿ ಒಯ್ಯುವುದಿತ್ತು. ಅವರು ಕರವಸ್ತ್ರದಿಂದ ಗಾಜಿನ ಹೊರಮೈಯ ಧೂಳು ಒರೆಸುತ್ತಿದ್ದರು, ಕಾರಿನದೇ ಧೂಳು ಒರೆಸುವಂತೆ.

ಮೆಕ್ಯಾನಿಕ್ಕುಗಳು ರಸ್ತೆಯ ಆಚೆ ಬದಿ, ಟೀ ಅಂಗಡಿಯ ಬೆಂಚಿನ ಮೇಲೆ, ನೀಲಿ ಅಂಗಿಯಲ್ಲೇ ಕೂತಿದ್ದರು. ಅವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಾವು ನೋಡಿದ್ದು ಕೌಂಟರಿನ ಬಿಳಿ ಅಂಗಿಯವರನ್ನು ಮಾತ್ರ. ಅಪ್ಪ ಹೋಗಿ ನಮ್ಮ ಕಾರಿನ ನಂಬರು ಹೇಳಿದರು. ಯಾರೂ ತಲೆ ಎತ್ತಲಿಲ್ಲ. “ಬೂದಿ ಬಣ್ಣದ್ದು, ಎಡಗಡೆ ಬಾಗಿಲು ಒದ್ದು ಮುಚ್ಚಬೇಕು” ಎಂದು ನಾನು ಸೇರಿಸಿದೆ.

“ಸೀಟಿನಡಿಯೆಲ್ಲ ಹತ್ತಿಬೀಜ ಇರೋ ವಂಡೀಂಗಳಾ!” ಎಂದು ನಲವತ್ತರ ಆಸುಪಾಸಿನ ಒಬ್ಬರು ಎದ್ದು ನಿಂತರು. ನಮ್ಮ ಕಡೆಯ ತಮಿಳಿನಲ್ಲಿ ಮರ್ಯಾದೆಗೆ ಎಲ್ಲ ಮಾತಿಗೂ ಒಂದು ‘ಂಗ’ ಅಂಟಿಕೊಂಡಿರುತ್ತದೆ. “ಅದು ನನ್ನ ಕೈಲೇ ಇತ್ತುಂಗ. ಎಂಜಿನ್ ಹೆಡ್ ಬಿಚ್ಚಿ ಇಟ್ಟಿದ್ದೇನೆ. ಹಿಂದೆ ಎಡಗಡೆ ಕೂರೋರು ಹುಣಸೆಬೀಜ ಆಷ್‌ಟ್ರೇಗೆ ಹಾಕ್ತಾರೆ. ಅಮ್ಮಿಣಿ, ನೀವೇನಾ?”

ನಾನೇ. ನಮ್ಮ ಕಡೆ ಹುಡುಗಿಯರನ್ನು ಅಮ್ಮಿಣಿ ಎನ್ನುತ್ತಾರೆ. ನಾನು ಯಾರಿಗೂ ಹೇಳದ ಒಂದು ಚಿಕ್ಕ ಅಭ್ಯಾಸ ಒಬ್ಬ ಅಪರಿಚಿತರಿಗೆ ವರ್ಷಗಳಿಂದ ಗೊತ್ತಿತ್ತು. ಕೋಪ ಬರಬೇಕಿತ್ತು, ಬದಲಿಗೆ ಇನ್ನೇನೇನು ಗೊತ್ತು ಎಂದು ಕೇಳಬೇಕೆನಿಸಿತು.

ಅಪ್ಪನಿಗೆ ಅವರು ಹೇಳಿದ್ದು ಇಷ್ಟು. ಪೆರಿಯನಾಯಕನಪಾಳ್ಯದಲ್ಲಿ ಲೇತ್ ಯಂತ್ರ ಇಟ್ಟುಕೊಂಡವರೊಬ್ಬರು, ಈ ಮೆಕ್ಯಾನಿಕ್ ಸ್ವಂತ ರಿಪೇರಿ ಕೆಲಸ ಶುರುಮಾಡಲು ತಮ್ಮ ಶೆಡ್ಡಿನ ಒಂದು ಮೂಲೆ ಕೊಡಲು ಒಪ್ಪಿದ್ದಾರೆ. ಆದರೆ, ‘ಸಾಮಾನು ತಗೊಂಡು ಬರೋದಾದರೆ ಬಾ, ಇಲ್ಲದಿದ್ದರೆ ಇನ್ನೊಬ್ಬ ಕಾಯ್ತಿದ್ದಾನೆ’ ಅಂದಿದ್ದಾರೆ. ಸಾಮಾನೆಲ್ಲ ಒಳಗಿದೆ. ಸೂಲೂರಿನ ವಿಮಾನಪಡೆಯವರು ಹರಾಜು ಹಾಕಿದ ಹಳೆಯ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ, ಇಪ್ಪತ್ತು ವರ್ಷ ಗುಜರಿ ಅಂಗಡಿಗಳಲ್ಲಿ ಹುಡುಕಿ ಕೂಡಿಸಿದ ಸ್ಪ್ಯಾನರುಗಳು. ಕಂಪನಿಯ ಸಾಮಾನಿನ ಪಕ್ಕದಲ್ಲೇ ಇವೂ ಇರುವುದರಿಂದ, ಕೋರ್ಟು ಹೇಳುವ ತನಕ ಒಂದು ಮೊಳೆಯೂ ಆಚೆ ಹೋಗಬಾರದು ಎಂದು ಕಂಪನಿಯ ವಕೀಲರು ಹೇಳಿದ್ದಾರೆ.

“ನಿಮ್ಮದೇ ಅಂತ ಹೇಳಬಹುದಲ್ಲ?” ಎಂದೆ.

“ಹೇಳಿದೆನುಂಗ. ಬಿಲ್ಲು ಕೇಳಿದರು. ಗುಜರಿ ಅಂಗಡಿಯವನು ಬಿಲ್ಲು ಕೊಟ್ಟಿದ್ದು ಎಲ್ಲಾದರೂ ಕೇಳಿದ್ದೀರಾ?”

ಆ ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅಜ್ಜಿ ಹೆಚ್ಚು ಯೋಚಿಸಲಿಲ್ಲ. “ಅವನ ಪೆಟ್ಟಿನೂ ಒಳಗೆ, ನನ್ನ ಪೆಟ್ಟಿನೂ ಒಳಗೆ” ಎಂದಳು.

ಎರಡು ವಾರದ ಮೇಲೆ ಗಿರಾಕಿಗಳು ತಂತಮ್ಮ ಕಾರು ಒಯ್ಯಬಹುದು ಎಂದಾಯಿತು. ಬಿಚ್ಚಿಟ್ಟಿದ್ದರೆ ಜೋಡಿಸಲು ಒಬ್ಬ ಮೆಕ್ಯಾನಿಕ್ ಒಳಗೆ ಬರಬಹುದು. ಕಾರನ್ನು ಬಿಟ್ಟು ಬೇರೇನೂ ಹೊರಹೋಗಬಾರದು. ಗೇಟಿನಲ್ಲಿ ಕಾಯಲು ಕಂಪನಿಯ ಹಳೆಯ ಗುಮಾಸ್ತರನ್ನು ಕೂರಿಸಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಉದ್ದನೆಯ ಕತ್ತು, ದಪ್ಪ ಕನ್ನಡಕ. ಶೋರೂಮಿನಿಂದ ತಂದ ಮೆತ್ತನೆಯ ಕುರ್ಚಿಯಲ್ಲಿ ಅವರು ತುದಿಗೆ ಕೂತಿದ್ದರು, ಅದು ತಮ್ಮದಲ್ಲ ಎಂಬಂತೆ. ಬೇರೆ ಯಾವ ವಸ್ತುವೂ ಬರುವುದಿಲ್ಲ ಎಂದು ಅಪ್ಪ ಅವರಿಗೆ ಮಾತು ಕೊಟ್ಟರು. ಅಜ್ಜಿ ಹಟ ಮಾಡಿ ನಮ್ಮ ಜೊತೆ ಬಂದಿದ್ದಳು.

ಶೆಡ್ಡಿನೊಳಗೆ ಕಾರುಗಳು ಬಾನೆಟ್ಟು ಎತ್ತಿಕೊಂಡು ಸಾಲಾಗಿ ನಿಂತಿದ್ದವು. ಯಾರೋ ಅರ್ಧ ಕುಡಿದು ಬಿಟ್ಟ ಟೀ ಗ್ಲಾಸು ಒಂದು ಕಾರಿನ ಅಡಿಯಲ್ಲಿ ಒಣಗಿತ್ತು. ನಮ್ಮ ಕಾರು ಬಿಚ್ಚಿಟ್ಟಿದ್ದ ಅದೇ ಮೆಕ್ಯಾನಿಕ್ ಒಳಗೆ ಬಂದು ಕೆಲಸಕ್ಕೆ ಇಳಿದರು. ಅಜ್ಜಿ ತನ್ನ ಪೆಟ್ಟಿಗೆಯನ್ನು ಕಾರಿನಿಂದ ತೆಗೆದುಕೊಂಡು, ಕೆಲಸದ ಮೇಜಿನ ಪಕ್ಕ ಒಂದು ಹಳೆಯ ಟೈರಿನ ಮೇಲೆ ಕೂತು, ಅದನ್ನು ಮೇಜಿನ ಮೇಲಿಟ್ಟು, ಎರಡು ವಾರದ ಬಾಕಿಯನ್ನೆಲ್ಲ ತೀರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನು ಶುರುವಾಯಿತು. ಅಪ್ಪ ಗೇಟಿಗೆ ಹೇಳಲು ಹೋದರು. ಮೆಕ್ಯಾನಿಕ್ ಕೈ ಒರೆಸಿಕೊಂಡು, ತಮ್ಮ ಪೆಟ್ಟಿಗೆಗೆ ಸ್ಪ್ಯಾನರುಗಳನ್ನು ತುಂಬಿ, ಅದನ್ನು ಮೇಜಿನ ಅಡಿಗೆ ಕಾಲಿನಿಂದ ತಳ್ಳಿದರು. ಅಜ್ಜಿ ನೋಡುತ್ತಿದ್ದಳು.

“ಅದನ್ನ ಎತ್ತಿ ವಂಡಿಯೊಳಗೆ ಇಡಪ್ಪ” ಎಂದಳು ತಮಿಳಿನಲ್ಲಿ.

“ಬೇಡ ಆತ್ತಾ. ಡಿಕ್ಕಿ ತೆಗೆದು ನೋಡ್ತಾರೆ.”

“ಡಿಕ್ಕಿ ನೋಡ್ತಾರೆ. ನನ್ನ ಸೀರೆ ನೋಡ್ತಾರಾ?”

ನಾನೂ ಅವರೂ ಪೆಟ್ಟಿಗೆಯ ಎರಡು ಬದಿ ಹಿಡಿದು ಹಿಂದಿನ ಸೀಟಿನ ಮುಂದೆ ಇಟ್ಟೆವು. ಅಜ್ಜಿ ಅದರ ಮೇಲೆ ಕಾಲಿಟ್ಟು ಸೀರೆ ಹರಡಿಕೊಂಡಳು. ಅಪ್ಪ ಬಂದು, ಏನೂ ಗಮನಿಸದೆ, ಮೆಕ್ಯಾನಿಕ್ಕನ್ನು ಲೇತ್ ಶೆಡ್ಡಿಗೆ ಬಿಡಲೆಂದು ಮುಂದೆ ಕೂರಿಸಿಕೊಂಡು ಕಾರು ಹೊರಡಿಸಿದರು.

ಗೇಟಿನಲ್ಲಿ ಗುಮಾಸ್ತರು ಡಿಕ್ಕಿ ತೆಗೆಸಿ ನೋಡಿದರು. ಮುಚ್ಚಿ, ನಿಧಾನವಾಗಿ ನಮ್ಮ ಕಿಟಕಿಯ ಕಡೆ ಬಂದರು. ಅಜ್ಜಿಯ ಮೊಣಕಾಲು ಗಲ್ಲದ ಹತ್ತಿರ ಬಂದಿತ್ತು. ಅವಳು ನನ್ನತ್ತ ತಿರುಗಿ, ಕನ್ನಡದಲ್ಲಿ, ಗಟ್ಟಿಯಾಗಿಯೇ ಹೇಳಿದಳು: “ಮೊಕ ಬಿಗಿ ಮಾಡ್ಕೋಬೇಡ ಕಣೇ, ಕಬ್ಬಿಣದ ಪೆಟ್ಟಿ ಕಾಲಡಿ ಐತೆ ಅಂತ ನಿನ್ನ ಮೊಕಾನೇ ಹೇಳ್ತೈತೆ. ಈ ಕೊಕ್ಕರೆಗೆ ಏನೂ ಕಾಣಾಕಿಲ್ಲ.”

ನಮಗೆ ಇದು ರೂಢಿ. ಮನೆಯ ಬಾಗಿಲಾಚೆ ಕನ್ನಡವೆಂದರೆ ಬೇರೆಯವರಿಗೆ ತಿಳಿಯಬಾರದ್ದನ್ನು ಹೇಳುವ ಭಾಷೆ. ಜವಳಿ ಅಂಗಡಿಯಲ್ಲಿ ಬೆಲೆ ಹೆಚ್ಚಾಯಿತು ಎನ್ನಲು, ಬಸ್ಸಿನಲ್ಲಿ ಪಕ್ಕದವರ ಒಡವೆ ತೋರಿಸಲು. ಅಜ್ಜಿ ಇಡೀ ಕೊಯಮತ್ತೂರಿನ ಎದುರು ಹೀಗೆ ಗುಟ್ಟು ಮಾತಾಡಿಕೊಂಡೇ ಬದುಕಿದವಳು.

ಆದರೆ ಅಪ್ಪನಿಗೆ ಕನ್ನಡ ಬರುತ್ತದೆ ಎಂಬುದನ್ನು ಅವಳು ಆ ಕ್ಷಣ ಮರೆತಿದ್ದಳು. ಸ್ಟಿಯರಿಂಗಿನ ಮೇಲೆ ಅವರ ಕೈ ಬಿಗಿಯಾದದ್ದನ್ನು ನಾನು ನೋಡಿದೆ.

“ಕಾಲಡಿ ಏನುಂಗ?” ಎಂದರು ಗುಮಾಸ್ತರು, ತಮಿಳಿನಲ್ಲಿ.

“ನನ್ನ ಎಲೆ ಅಡಿಕೆ ಪೆಟ್ಟಿ” ಎಂದಳು ಅಜ್ಜಿ.

“ಅಷ್ಟು ದೊಡ್ಡದಾ?”

“ಹಲ್ಲಿಲ್ಲದೋಳು. ಕುಟ್ಟಾಕೆ ಸಾಮಾನು ಬೇಕಲ್ಲ.”

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. ಹರಡಿದ ಸೀರೆಯನ್ನೊಮ್ಮೆ ನೋಡಿದರು. ಆಮೇಲೆ ಹೋಗಿ ಸರಪಳಿ ಬಿಚ್ಚಿದರು.

ಅಪ್ಪ ಕಾರನ್ನು ನೇರ ಪೆರಿಯನಾಯಕನಪಾಳ್ಯಕ್ಕೆ ಓಡಿಸಿದರು. ಲೇತ್ ಶೆಡ್ಡಿನ ಮುಂದೆ ನಿಲ್ಲಿಸಿ, ಮೆಕ್ಯಾನಿಕ್ ಪೆಟ್ಟಿಗೆಗೆ ಕೈಹಾಕಿದಾಗ, “ಇಳಿಸಬೇಡಿ” ಎಂದರು. “ನಾನು ಮಾತು ಕೊಟ್ಟು ಬಂದಿದ್ದೇನೆ. ವಾಪಸ್ ಹೋಗೋಣ. ಕೇಳಿ ತರೋಣ.”

“ಕೇಳಿದರೆ ಕೊಡ್ತಾರಾ?” ಎಂದಳು ಅಜ್ಜಿ. “ಕೈಗೆ ಬಂದದ್ದನ್ನ ಯಾರಾದರೂ ಕೇಳಾಕೆ ಹೋಗ್ತಾರಾ? ಇವನ ಅಪ್ಪನೂ ಹಿಂಗೇ.”

ಮೆಕ್ಯಾನಿಕ್ ನಮ್ಮ ಜಗಳದ ಭಾಷೆ ತಿಳಿಯದೆ ಒಬ್ಬೊಬ್ಬರ ಮುಖ ನೋಡಿದರು. ಶೆಡ್ಡಿನವರು ಬಾಗಿಲಲ್ಲಿ ನಿಂತು ಅವರ ಕೈ ನೋಡುತ್ತಿದ್ದರು. ಅಜ್ಜಿ ಸಮಾಧಾನಕ್ಕೆ ಒಂದು ಎಲೆ ಹಾಕಿಕೊಳ್ಳಲು ಸೀಟಿನ ಮೇಲೆ ತಡಕಿದಳು. ಆ ಕಡೆ, ಈ ಕಡೆ. ಆಮೇಲೆ ನನ್ನನ್ನು ನೋಡಿದಳು.

ಹಿತ್ತಾಳೆ ಪೆಟ್ಟಿಗೆ ಮೇಜಿನ ಮೇಲೇ ಉಳಿದಿತ್ತು. ಕಾಲಡಿಯ ಪೆಟ್ಟಿಗೆಯನ್ನು ಎಲೆ ಪೆಟ್ಟಿಗೆ ಎಂದ ಬಾಯಲ್ಲಿ, ಈಗ ಎಲೆ ಪೆಟ್ಟಿಗೆ ಬಿಟ್ಟುಬಂದೆ ಎನ್ನಬೇಕು. ಕೊನೆಗೆ ವಾಪಸ್ ಹೊರಡಿಸಿದ್ದು ಅಪ್ಪನ ಮಾತೋ ಅಜ್ಜಿಯ ಪೆಟ್ಟಿಗೆಯೋ ನಾನು ಹೇಳಲಾರೆ. ಮೆಕ್ಯಾನಿಕ್ ತಾವೇ ತಮ್ಮ ಪೆಟ್ಟಿಗೆಯನ್ನು ಎತ್ತಿ ಡಿಕ್ಕಿಯಲ್ಲಿಟ್ಟು, ಮುಂದೆ ಬಂದು ಕೂತರು.

ಸಂಜೆಯ ಬಿಸಿಲು ಶೋರೂಮಿನ ಗಾಜಿನ ಮೇಲಿತ್ತು. ಮೇಷ್ಟ್ರು ಆವತ್ತೂ ಬಂದು ಹೋಗಿರಬೇಕು. ಒರೆಸಿದ ಗುರುತು ಇತ್ತು. ಗುಮಾಸ್ತರು ಅದೇ ಕುರ್ಚಿಯ ತುದಿಯಲ್ಲಿದ್ದರು. ಅಜ್ಜಿಯ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ಅಪ್ಪ ಇಳಿದು, ಡಿಕ್ಕಿ ತೆಗೆಯಲು ಹೊರಟರು. “ಸಾರ್, ಒಂದು ತಪ್ಪಾಗಿದೆ. ಡಿಕ್ಕಿಯಲ್ಲಿ...”

“ಡಿಕ್ಕಿ ಮಧ್ಯಾಹ್ನಾನೇ ನೋಡಾಯ್ತು. ನನಗೆ ಒಂದೇ ಸಲ ನೋಡೋ ಕೆಲಸ ಕೊಟ್ಟವ್ರೆ” ಎಂದರು ಗುಮಾಸ್ತರು.

ಕನ್ನಡದಲ್ಲಿ. ನಮ್ಮ ಮನೆಯದಲ್ಲ, ಮಗ್ಗದವರ ಮನೆಗಳ ಕನ್ನಡ. ಆದರೆ ಕನ್ನಡವೇ.

ಅವರು ಹಿಂದಿನ ಕಿಟಕಿಗೆ ಬಂದು ಹಿತ್ತಾಳೆ ಪೆಟ್ಟಿಗೆಯನ್ನು ಒಳಗೆ ಚಾಚಿದರು. “ಅವ್ವಾ, ನಿಮ್ಮ ಸ್ಪ್ಯಾನರ್ ಪೆಟ್ಟಿ ಬಿಟ್ಟು ಹೋಗಿದ್ರಿ.”

ಅಜ್ಜಿ ಅದನ್ನು ತೆಗೆದುಕೊಂಡಳು. ಅವಳು ಮುಚ್ಚಳ ತೆಗೆದು, ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ ಕೊಟ್ಟಳು. “ಒಂದು ಆಗಲೇ ತಗೊಂಡೆ” ಎಂದು ಹೇಳಿ, ಅವರು ಇದನ್ನೂ ತೆಗೆದುಕೊಂಡರು. “ಕೊಕ್ಕರೆಗೂ ಬಾಯಿ ಐತಲ್ಲ.”

ಈ ಬೀಗ ಕಾಯುವ ಕೆಲಸವೂ ಮುಗಿದ ದಿನ ಗುಮಾಸ್ತರು ಎಲ್ಲಿಗೆ ಹೋಗುತ್ತಾರೆಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಪ್ಪ ಕೈ ಮುಗಿದು ಕಾರು ಹತ್ತಿದರು.

ಮುಂದಿನ ಸೀಟಿನಿಂದ ಮೆಕ್ಯಾನಿಕ್ ತಿರುಗಿ ನನ್ನನ್ನು ನೋಡಿದರು. ಇಷ್ಟು ಹೊತ್ತು ಅವರಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ.

“ಅವರು ಏನು ಹೇಳಿದರುಂಗ, ಅಮ್ಮಿಣಿ?”

“ಪೆಟ್ಟಿಗೆ ನಿಮ್ಮದೇ ಅಂತೆ” ಎಂದೆ.

ಅಪ್ಪ ಕಾರನ್ನು ಮತ್ತೆ ಮೇಟ್ಟುಪಾಳ್ಯಂ ರಸ್ತೆಗೆ, ಲೇತ್ ಶೆಡ್ಡಿನ ಕಡೆಗೆ ತಿರುಗಿಸಿದರು.